ಗುರುಬಾಯಿಯ ಕಾರಿನ ಉಸಿರು

೨೨೧೭ನೆಯ ಇಸವಿ, ಎರಡನೆಯ ಶ್ರಾವಣ, ವಿಜಯಪುರ.

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ನೀಲವ್ವನ ಶರಣು. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಮಾತನ್ನು ಹಳೆಯ ಧ್ವನಿಮುದ್ರಣ ಕೇಳಿ ಕಲಿತವಳು ನಾನು.

ಇಲ್ಲಿ ಗಾಡಿಗಳು ಬಿಸಿಲು ಕುಡಿದು ಸದ್ದಿಲ್ಲದೆ ಓಡುತ್ತವೆ. ಸಂಜೆಯಾದರೆ ಗೋಳಗುಮ್ಮಟದ ಮೇಲೆ ತೇಲುತೊಟ್ಟಿಲುಗಳು ಇಳಿದು ಬರುತ್ತವೆ. ಅವು ಮೋಡದಿಂದ ನೀರು ಕರೆದು ತರುವ ದೊಡ್ಡ ಬಲೂನುಗಳು. ಪೆಟ್ರೋಲಿನ ಕಾರು ಊರಿಗೆಲ್ಲ ಒಂದೇ ಓಡುವುದು, ನಮ್ಮ ಮನೆಯದು. ನಮ್ಮವ್ವ ಗುರುಬಾಯಿ ಮದುವಣಗಿತ್ತಿಯಾಗಿ ಅದರಲ್ಲೇ ಬಂದವಳು. ಈಗ ಅವಳಿಗೆ ಕಣ್ಣು ಕಾಣುವುದಿಲ್ಲ. ಸಾಯುವ ಮುಂಚೆ ಅದೇ ಕಾರಿನಲ್ಲಿ ತವರಿನ ಡೋಣಿ ಹೊಳೆಗೆ ಹೋಗಬೇಕೆಂದು ಹಟ ಹಿಡಿದಳು. ಅದಕ್ಕೆ ಗಾಳಿಕಾವಲಿನವರು ಒಪ್ಪಬೇಕು. ಊರಿನ ಗಾಳಿ ಕಾಯುವವರು ಅವರು; ನಿಂತಲ್ಲೇ ಪೆಟ್ರೋಲಿನ ಆವಿ ಬಿಡುವ ಕಾರು ಸಿಕ್ಕರೆ ಕರಗಿಸಿಬಿಡುತ್ತಾರೆ.

ಅವರ ತಪಾಸಣೆಯ ಹಿಂದಿನ ದಿನ ಎಂಜಿನ್ನಿನ ಹಳದಿ ದೀಪ ಹೊತ್ತಿತು. ತಮ್ಮ ರೇವಣಸಿದ್ಧ ಯಂತ್ರ ಹಚ್ಚಿ ನೋಡಿ, "ಆವಿ ಎಲ್ಲೋ ಸೋರಾಕತ್ತೈತಿ, ಅಕ್ಕಾ" ಅಂದ. ಟ್ಯಾಂಕಿನಲ್ಲೇಳುವ ಆವಿಯನ್ನು ಒಂದು ಇದ್ದಿಲ ಡಬ್ಬಿ ಹೀರಿಟ್ಟುಕೊಂಡು, ಕಾರು ಓಡುವಾಗ ಎಂಜಿನ್ನಿಗೆ ಕೊಡುತ್ತದೆ. ಆ ದಾರಿಯಲ್ಲೆಲ್ಲೋ ಬಿರುಕು. ಮೊದಲು ಟ್ಯಾಂಕಿನ ಮುಚ್ಚಳ ನೋಡಿದೆವು, ಬಿಗಿಯಾಗೇ ಇತ್ತು. ಆಮೇಲೆ ಡಬ್ಬಿಗೆ ಹೊರಗಾಳಿ ಬರುವ ಬಾಯಿ ಮುಚ್ಚಿ, ಕೊಳವೆಗಳಿಗೆ ಪರೀಕ್ಷೆಯ ಬಿಳಿ ಹೊಗೆಯನ್ನು ಮೆಲ್ಲಗೆ ತುಂಬಿದೆವು. ಅಂಗಳದಲ್ಲಿ ಕೂತಿದ್ದ ಅವ್ವ ಮೂಗೆತ್ತಿ, "ಬಲಗಡಿ ಹಿಂದಿನ ಗಾಲಿ ಕಡೆ ವಾಸನಿ ಐತಿ ನೋಡ್ರಿ" ಅಂದಳು. ಬಗ್ಗಿ ನೋಡಿದರೆ ಡಬ್ಬಿಯ ಪಕ್ಕದ ಕೊಳವೆಯ ತಿರುವಿನಿಂದ ಊದಿನಕಡ್ಡಿಯದಷ್ಟು ತೆಳ್ಳಗೆ ಹೊಗೆ ಏಳುತ್ತಿತ್ತು.

"ಪಟ್ಟಿ ಸುತ್ತಿಬಿಡೂಣು. ನಾಳಿಗಿ ಪಾರಾದ್ರ ಸಾಕು" ಅಂದ ತಮ್ಮ.

"ಬ್ಯಾಡಪ್ಪಾ" ಅಂದಳು ಅವ್ವ. "ಆ ಗಾಳಿ ಮಂದೀದೈತಿ. ಸೋರೂ ಗಾಡ್ಯಾಗ ಕುಂತು ನಾ ತವರಿಗಿ ಹೋಗಾಂಗಿಲ್ಲ."

ಅಂಥ ಕೊಳವೆಯನ್ನು ಈಗ ಯಾರೂ ಮಾಡುವುದಿಲ್ಲ. ವಸ್ತುಸಂಗ್ರಹಾಲಯದ ಗಾಜಿನ ಕೋಣೆಯಲ್ಲಿ ಮಾತ್ರ ನಮ್ಮದರ ಜೋಡಿಯಂಥ ಒಂದು ಕಾರಿದೆ. ಅಲ್ಲಿನ ಮೇಲ್ವಿಚಾರಕಿ ಮುಮ್ತಾಜ್ ಬೇಗಂ ನನ್ನ ಮಾತು ಪೂರ್ತಿ ಕೇಳಿ, ತಾವೇ ಬಗ್ಗಿ ಅದರ ಕೊಳವೆ ಬಿಚ್ಚಿಕೊಟ್ಟರು. "ನಮ್ಮ ಕಾರು ಎಲ್ಲಿಗೂ ಹೋಗೂದಿಲ್ರಿ. ನಿಮ್ಮವ್ವ ಹೋಗಬೇಕಲ್ಲ."

ಅದನ್ನು ಜೋಡಿಸಿ ಮತ್ತೆ ಹೊಗೆ ತುಂಬಿದಾಗ ಎಲ್ಲಿಂದಲೂ ಒಂದೆಳೆಯೂ ಹೊರಬರಲಿಲ್ಲ. ಮರುದಿನ ಗಾಳಿಕಾವಲಿನವರು ತಮ್ಮ ಮೂಗುಯಂತ್ರ ಹಿಡಿದು ಕಾರಿನ ಸುತ್ತ ತಿರುಗಿ, ಊರ ಗೇಟು ತೆರೆದರು.

ಹೊಳೆಯ ದಂಡೆಯಲ್ಲಿ ಎಂಜಿನ್ ಆರಿಸಿದೆವು. ಅವ್ವ ನನ್ನ ಕೈ ಹಿಡಿದು ನೀರಿಗಿಳಿದಳು. ಮೊಣಕಾಲ ಮಟ್ಟ ನೀರಿನಲ್ಲಿ ನಿಂತು, ತನ್ನ ಸತ್ತ ಗೆಳತಿಯರ ಹೆಸರನ್ನು ಒಬ್ಬೊಬ್ಬರದಾಗಿ ಕರೆದಳು. ಒಂದೊಂದು ಹೆಸರಿಗೂ ಓ ಎನ್ನುವವರಿಗಾಗಿ ಸ್ವಲ್ಪ ಹೊತ್ತು ಕಾದಳು. ಅವಳು ಸಾಕೆನ್ನುವವರೆಗೆ ನಾವು ಅಲ್ಲೇ ನಿಂತೆವು.

ಹಿರಿಯರೇ, ನಿಮ್ಮ ಮನೆಯಲ್ಲೂ ಯಾರಾದರೂ ಎಲ್ಲಿಗೋ ಕರೆದೊಯ್ಯಿ ಎಂದು ಕೇಳುತ್ತಿರಬಹುದು. ಈ ವಾರವೇ ಹೊರಡಿ.