ಉಲ್ಟಾ ಕೂತ ಅಯಸ್ಕಾಂತ

ಬುಧವಾರ, ಕೆಲಸದಿಂದ ಬಂದ ಮೇಲೆ

ಪ್ರೀತಿಯ ಅಮ್ಮನಿಗೆ ನಿನ್ನ ಪುಟ್ಟಿಯ ನಮಸ್ಕಾರ.

ನಿನ್ನ ಕಾಗದ ನಿನ್ನೆ ಬಂತು. ಭಾನುವಾರ ಬಂದು ಹುಡುಗನ ತಾಯಿಯ ಹತ್ತಿರ ಮದುವೆಯ ಮಾತು ಮುಗಿಸುತ್ತೇನೆ, ಮದುವೆ ಆಗುವವರೆಗೆ ನಿನ್ನ ಮೈಯ ವಿಷಯ ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ಬರೆದಿದ್ದೀಯ. ಕೊನೆಯಲ್ಲಿ, ಹತ್ತು ವರ್ಷದ ಹುಡುಗಿಯನ್ನು ಶಾಲೆ ಬಿಡಿಸಿ ಹೊಲಿಗೆ ಯಂತ್ರ ತುಳಿಯಲು ಕೂರಿಸಿದ್ದರಿಂದಲೇ ಹೀಗಾಯಿತು ಎಂದೂ ಬರೆದಿದ್ದೀಯ. ಎರಡನೆಯದಕ್ಕೆ ಮೊದಲು ಉತ್ತರ ಬರೆಯುತ್ತೇನೆ. ಮೊದಲನೆಯದಕ್ಕೆ ಧೈರ್ಯ ಬೇಕು. ಬರೆಯುತ್ತಾ ಬರೆಯುತ್ತಾ ಬರಬಹುದು.

ನಮ್ಮಲ್ಲಿ ಕಾಲೇಜುಗಳಿಗೆ ಪಾಠದ ಮಾದರಿಗಳನ್ನು ಮಾಡುತ್ತೇವಲ್ಲ, ಮರದ ಕಿವಿ, ಬಟ್ಟೆಯ ಹೃದಯ, ಅಂಥವು. ಈ ಸಲ ನರ್ಸುಗಳಿಗೆ ಪಾಠ ಹೇಳುವ ಟೀಚರಮ್ಮ ಬಂದು ಹಾರ್ಮೋನಿನ ಮಾದರಿ ಬೇಕೆಂದರು. "ಅದು ಕಣ್ಣಿಗೇ ಕಾಣಲ್ವಲ್ಲ ಮೇಡಂ. ಸರಿಯಾಗಿಲ್ಲ ಅಂತ ಯಾರೂ ಹೇಳೋಕಾಗಲ್ಲ, ಒಳ್ಳೇ ಆರ್ಡರು" ಎಂದರು ನಮ್ಮ ಕಾರ್ಖಾನೆಯ ಯಜಮಾನರು. ಟೀಚರಮ್ಮ ನಗಲಿಲ್ಲ. ನನ್ನ ಮೇಜಿನ ಪಕ್ಕ ಕುಳಿತು ತಾವೇ ಬಟ್ಟೆ ಹಿಡಿದು ತೋರಿಸಿದರು. ಅಮ್ಮ, ನನ್ನ ರಕ್ತ ಪರೀಕ್ಷೆ ನೋಡಿ ಡಾಕ್ಟರು ಹೇಳಿದ ಹಾರ್ಮೋನೇ ಅದು. ಆಸ್ಪತ್ರೆಯಲ್ಲಿ ತಲೆಗೆ ಹತ್ತದ್ದು ಇಲ್ಲಿ ಕೈಗೆ ಹತ್ತಿತು.

ತಲೆಯೊಳಗೆ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿಯೊಂದಿದೆ. ಅಲ್ಲಿ ಎರಡು ಉದ್ದನೆಯ ಸರಗಳು ತಯಾರಾಗುತ್ತವೆ. ಅವು ಮಡಿಚಿಕೊಂಡು ಗಂಟಾಗುತ್ತವೆ, ಮೈಮೇಲೆ ಅಲ್ಲಲ್ಲಿ ಸಕ್ಕರೆಯ ಎಳೆಗಳನ್ನು ಅಂಟಿಸಿಕೊಳ್ಳುತ್ತವೆ, ಆಮೇಲೆ ಒಂದು ಸರ ಇನ್ನೊಂದನ್ನು ಸೊಂಟಪಟ್ಟಿಯ ಹಾಗೆ ಸುತ್ತಿ ಹಿಡಿಯುತ್ತದೆ. ಜೋಡಿಯಾಗಿ ಹೋದರೇ ಬೆಲೆ. ಒಂಟಿಯಾಗಿ ಹೋದರೆ ಯಾರೂ ಬಾಗಿಲು ತೆಗೆಯುವುದಿಲ್ಲ. ಆ ಗ್ರಂಥಿಯಲ್ಲಿ ಇಂಥ ಜೋಡಿಸರದ ಹಾರ್ಮೋನು ಮೂರು ಬಗೆಯವು ಇವೆ. ಅಂದವಾಗಿರಲಿ ಎಂದು ನಾನು ಆ ಮೂರಕ್ಕೂ ಬೇರೆ ಬೇರೆ ಬಣ್ಣದ ಬಟ್ಟೆ ಕತ್ತರಿಸಿದ್ದೆ. ಟೀಚರಮ್ಮ ಬೇಡವೆಂದರು. ಒಂದು ಸರ ಮೂರರಲ್ಲೂ ಒಂದೇ, ಅದಕ್ಕೆ ಒಂದೇ ಬಣ್ಣ. ಇನ್ನೊಂದು ಮಾತ್ರ ಬೇರೆ, ಯಾವ ಮನೆಗೆ ಹೋಗಬೇಕೆಂಬುದು ಅದರಿಂದಲೇ ಗೊತ್ತಾಗುವುದು. ಎಲ್ಲ ಬಿಚ್ಚಿ ಮತ್ತೆ ಹೊಲಿದೆ.

ಆ ಮನೆಗೆ ಗ್ರಾಹಕ ಎನ್ನುತ್ತಾರೆ. ಅಂಡಾಶಯದ ಜೀವಕೋಶಗಳ ಮೇಲೆ ಅರ್ಧ ಮಡಿಚಿದ ಅಂಗೈಯ ಹಾಗೆ ಇರುತ್ತದೆ. ಹಾರ್ಮೋನು ಬಂದು ಅದರಲ್ಲಿ ಕೂರುತ್ತದೆ. ಅಂಟು ಹಾಕಿದಂತಲ್ಲ, ಸಣ್ಣ ಸಣ್ಣ ಸೆಳೆತಗಳು ಬಹಳ ಸೇರಿ ಹಿಡಿದುಕೊಳ್ಳುತ್ತವೆ. ಹಿಡಿದ ಕೂಡಲೇ ಒಳಗೆ ಸುದ್ದಿ ಮುಟ್ಟುತ್ತದೆ, ಅಂಡ ಬೆಳೆಯುತ್ತದೆ. ಅದಕ್ಕೇ ನಾವು ಬಟ್ಟೆಯೊಳಗೆ ಪುಟ್ಟ ಅಯಸ್ಕಾಂತಗಳನ್ನಿಟ್ಟು ಹೊಲಿದೆವು. ಅವನ್ನು ಕೂರಿಸಲು ಮರದ ಬಿಲ್ಲೆ ಕಡೆದುಕೊಟ್ಟವರು ನಮ್ಮ ಲೇತ್ ಯಂತ್ರದವರು, ನಿನ್ನ ಅಳಿಯನಾಗಬೇಕಾದವರು.

ನನ್ನ ಮೈಯಲ್ಲಿ ಆ ಹಾರ್ಮೋನು ಬೇಕಾದ್ದಕ್ಕಿಂತ ಹೆಚ್ಚೇ ಇದೆ. ತಲೆ ಕೂಗುತ್ತಲೇ ಇದೆ, ಅಂಗೈ ಹುಟ್ಟಿನಿಂದಲೇ ಸರಿಯಾಗಿ ಮಡಿಚಿಕೊಂಡಿಲ್ಲ. ಅದರ ಅಚ್ಚು ಎಲ್ಲರಲ್ಲೂ ಎರಡಿರುತ್ತವೆ, ಒಂದು ತಾಯಿಯದು, ಒಂದು ತಂದೆಯದು. ನಿನ್ನಲ್ಲಿ, ಅಪ್ಪನಲ್ಲಿ ಒಂದೊಂದು ಸೊಟ್ಟಗಿದ್ದರೂ ಇನ್ನೊಂದು ಸರಿಯಿತ್ತು, ನಿಮಗೇನೂ ತಿಳಿಯಲಿಲ್ಲ. ನನ್ನ ಪಾಲಿಗೆ ಸೊಟ್ಟಗಿರುವವೇ ಎರಡೂ ಬಂದವು. ಹೊಲಿಗೆ ಯಂತ್ರ ತುಳಿದರೆ ಕಾಲು ನೋಯುತ್ತದೆ, ಅಷ್ಟೇ. ನಾನು ದಿನವೂ ನುಂಗುವ ಮಾತ್ರೆಯಲ್ಲಿರುವುದು ನನ್ನ ಅಂಡಾಶಯ ಸಾಕಷ್ಟು ಮಾಡದ ಬೇರೆ ಹಾರ್ಮೋನು. ಮೈ ಅದನ್ನು ಕೊಬ್ಬಿನಂಥ ಪದಾರ್ಥದಿಂದ ಕಟ್ಟುತ್ತದಂತೆ. ಎಷ್ಟು ಚಿಕ್ಕದೆಂದರೆ ಬಾಗಿಲು ತಟ್ಟದೆ ಗೋಡೆಯಲ್ಲೇ ನುಸುಳಿ, ಒಳಗಿರುವ ತನ್ನ ಗ್ರಾಹಕವನ್ನು ಸೇರುತ್ತದೆ. ಆ ಗ್ರಾಹಕ ನನ್ನಲ್ಲಿ ಚೆನ್ನಾಗಿಯೇ ಇದೆ. ಮೂಳೆ ಗಟ್ಟಿಯಿದೆ, ನಾನೂ ಗಟ್ಟಿಯಿದ್ದೇನೆ. ನಿನ್ನನ್ನು ನೀನು ಬೈದುಕೊಳ್ಳುವುದು ಇನ್ನು ಸಾಕಮ್ಮ.

ಈಗ ಮೊದಲನೆಯ ಮಾತು. ಸೋಮವಾರ ಒಂದು ಅಂಗೈಯಲ್ಲಿ ಹಾರ್ಮೋನು ಕೂರಲೇ ಇಲ್ಲ. ಹತ್ತಿರ ಒಯ್ದರೆ ಪಕ್ಕಕ್ಕೆ ಜಾರಿಕೊಳ್ಳುತ್ತಿತ್ತು. ಇವರು ಅಯಸ್ಕಾಂತಗಳನ್ನು ಉಲ್ಟಾ ಕೂರಿಸಿದ್ದರು. "ಮದುವೆ ಗುಂಗಲ್ಲಿ ಇವನಿಗೆ ತಲೆ ಯಾವ್ದು ಬಾಲ ಯಾವ್ದು ಗೊತ್ತಾಗ್ತಿಲ್ಲ" ಎಂದು ಯಜಮಾನರು ರೇಗಿಸಿದರು. ಎಲ್ಲರೂ ಊಟಕ್ಕೆ ಎದ್ದ ಮೇಲೆ ಇವರು ಕತ್ತರಿ ಹಿಡಿದು ಹೊಲಿಗೆ ಬಿಚ್ಚಲು ಕೂತರು. ಬಿಚ್ಚಬೇಡಿ ಎಂದೆ. "ಯಾಕೆ? ಕೆಟ್ಟಿರೋದನ್ನ ಇಟ್ಕೊಂಡು ಏನ್ ಮಾಡ್ತೀಯ?" ಎಂದರು. "ನಾನೂ ಹಾಗೇ ಇರೋದು" ಎಂದೆ. ಆಮೇಲೆ ಬಟ್ಟೆಯ ಕಡೆಗೇ ನೋಡುತ್ತಾ ಎಲ್ಲವನ್ನೂ ಹೇಳಿದೆ, ನನ್ನ ಹೊಟ್ಟೆಯಲ್ಲಿ ನನ್ನದೇ ಮಗು ಹುಟ್ಟುವ ಆಸೆ ಇಟ್ಟುಕೊಳ್ಳಬೇಡಿ ಎಂಬುದನ್ನೂ.

ನಿನ್ನ ಕಾಗದ ಮೊದಲೇ ಬಂದಿದ್ದರೂ ಹೇಳುತ್ತಿದ್ದೆ.

ಇವರು ಕತ್ತರಿ ಕೆಳಗಿಟ್ಟರು. "ಮೌನಗೌರಿ, ಒಂದು ತಿಂಗಳ ಮಾತು ಒಂದೇ ಸಲ ಆಡ್ಬಿಟ್ಟೆ. ನಂಗೆ ಸ್ವಲ್ಪ ಟೈಮ್ ಕೊಡು" ಎಂದು ಎದ್ದು ಹೋದರು. ಇನ್ನೂ ಉತ್ತರ ಕೊಟ್ಟಿಲ್ಲ. ಗೋಡೆಯಾಚೆ ಲೇತಿನ ಸದ್ದು ಮಾತ್ರ ಕೇಳುತ್ತದೆ. ಬೇಡ ಎಂದರೂ ಎನ್ನಬಹುದು. ಎಂದರೆ ಅಳು ಬರುತ್ತದೆ, ಸುಳ್ಳು ಯಾಕೆ ಬರೆಯಲಿ. ಆದರೆ ಎದೆಯ ಮೇಲಿನ ಕಲ್ಲು ಇಳಿದಿದೆ, ಊಟ ರುಚಿಸುತ್ತಿದೆ. ಜೀವಮಾನವಿಡೀ ಬಾಯಿಗೆ ಬೀಗ ಹಾಕಿಕೊಂಡು ಸಂಸಾರ ಮಾಡುವುದು ನನ್ನಂಥ ಮಾತಿಲ್ಲದವಳಿಗೂ ಕಷ್ಟ. ಏನೇ ಆಗಲಿ, ಭಾನುವಾರ ಬಾ. ಮದುವೆಯ ಮಾತು ಇಲ್ಲದಿದ್ದರೆ ಮಗಳ ಜೊತೆ ಒಂದು ದಿನ ಇದ್ದು ಹೋಗುವೆಯಂತೆ.

ನಿನ್ನ ಮೇಲೆ ಎಳ್ಳಷ್ಟೂ ಕೋಪವಿಲ್ಲದ,
ಪುಟ್ಟಿ

ತಾ.ಕ.: ಗುರುವಾರ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು. ಬೆಳಿಗ್ಗೆ ಇವರು ಗೇಟಿನ ಹತ್ತಿರ ಕಾಯುತ್ತಿದ್ದರು. ಇವರನ್ನು ಅವರಮ್ಮ ಹೆತ್ತಿಲ್ಲವಂತೆ, ಹಸುಗೂಸಾಗಿದ್ದಾಗ ತಂದು ಸಾಕಿದ್ದಂತೆ. ಮದುವೆ ಆಗುವವರೆಗೆ ಬಾಯಿ ಬಿಡಬೇಡ ಎಂದು ಅವರೂ ಕಟ್ಟಪ್ಪಣೆ ಮಾಡಿದ್ದರಂತೆ. ನಿಮ್ಮಿಬ್ಬರಿಗೂ ಪಾಠ ಹೇಳಿದ ಗುರು ಒಬ್ಬರೇ ಇರಬೇಕು. ಅವರಮ್ಮನ ಒಪ್ಪಿಗೆ ಇಲ್ಲದೆ ನನಗೆ ಹೇಳಲಾರದೆ ಇವರು ಇಷ್ಟು ದಿನ ತೆಗೆದುಕೊಂಡದ್ದು. ನನ್ನ ವಿಷಯ ಕೇಳಿ ಅತ್ತೆ ರಾತ್ರಿ ಊಟ ಬಿಟ್ಟು ಮಲಗಿದರಂತೆ. ಬೆಳಿಗ್ಗೆ ಎದ್ದು, "ಹೆರದೇ ಅಮ್ಮ ಆಗೋದು ಹೇಗೆ ಅಂತ ಆ ಹುಡುಗಿಗೆ ನಾನ್ ಹೇಳ್ಕೊಡ್ತೀನಿ, ಮೊದ್ಲು ಅವ್ಳನ್ನ ಮನೆಗೆ ಕರ್ಕೊಂಡ್ ಬಾ" ಎಂದರಂತೆ. ಭಾನುವಾರ ನೀವಿಬ್ಬರೂ ಎದುರುಬದುರು ಕೂತಾಗ ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ. ಬೇರೆ ಏನು ಮಾತಾಡುವುದೆಂದು ಬಸ್ಸಿನಲ್ಲೇ ಯೋಚಿಸಿಕೊಂಡು ಬಾ.