ಸಂಪಿನ ಮುಚ್ಚಳ

ಹೊರಮಾವು
೧೪ ನವೆಂಬರ್ ೧೯೯೯

ಪ್ರೀತಿಯ ಶಾಂಭವಿ,

ಹೇಗಿದ್ದೀಯ? ಅತ್ತೆಯ ಮೊಣಕಾಲು ನೋವು ಇಳಿಯಿತೆ? ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೆ ಮಾತ್ರ ನಮ್ಮ ಜಯಿ ತಿನ್ನುತ್ತಾಳೆ ಎಂದು ಅವರಿಗೆ ಹೇಳು. ನೋಡು, ಹೆತ್ತವಳಿಗೇ ಹೇಳಿಕೊಡುತ್ತಿದ್ದೇನೆ! ಇಲ್ಲಿ ಮಾತಾಡಲು ನಮ್ಮ ನಾಯಿ ಕರಿಯ ಒಬ್ಬನೇ. ಎಲ್ಲವನ್ನೂ ಕೇಳುತ್ತಾನೆ, ಆಮೇಲೆ ಬಾಗಿಲ ಕಡೆ ನೋಡುತ್ತಾನೆ.

ಅಂಗಳದ ನೀರಿನ ಸಂಪಿಗೆ ಜಯಿ ಜಾರಿ, ಪಕ್ಕದ ಮನೆಯ ಫಹ್ಮಿದಾ ಅವಳ ಲಂಗ ಹಿಡಿದು ಎಳೆದುಕೊಂಡ ದಿನವೇ ನಿನಗೆ ಈ ಕೋಣೆ ಬೇಡವಾಯಿತು. "ಇದನ್ನ ಮುಚ್ಚೋತನಕ ನನ್ನ ಕೂಸಿನ್ನ ಇಲ್ಲಿ ಇಡಂಗಿಲ್ಲ" ಎಂದು ನೀನು ತವರಿನ ಬಸ್ಸು ಹತ್ತಿದೆ. ನಾನು ತಡೆಯಲಿಲ್ಲ, ನನಗೂ ಅದೇ ಹೆದರಿಕೆ. ನೀವು ಹೋದ ವಾರವೇ ನಮ್ಮ ವೆಲ್ಡಿಂಗ್ ಶೆಡ್ಡಿನಲ್ಲಿ ಕಬ್ಬಿಣದ ಮುಚ್ಚಳ ಮಾಡಿ ತಂದೆ, ಬೀಗದ ಕೊಂಡಿ ಸಮೇತ. ಮನೆಯೊಡತಿ ಗಂಗಲಕ್ಷ್ಮಮ್ಮ ಒಪ್ಪಲಿಲ್ಲ. "ಟ್ಯಾಂಕರ್‌ನೋರು ಬಂದಾಗ ಬೀಗ ಯಾರಪ್ಪಾ ತೆಗೀತಾರೆ? ಕಲ್ಲು ಚಪ್ಪಡಿ ಇದ್ಯಲ್ಲ, ಸಾಕು ಬಿಡು." ಚಪ್ಪಡಿ ಸರಿಸಿದವರು ಮತ್ತೆ ಮುಚ್ಚಿದರೆ ತಾನೆ? ಮುಚ್ಚಳ ನಮ್ಮ ಗೋಡೆಗೊರಗಿ ತುಕ್ಕು ಹಿಡಿಯತೊಡಗಿತು. ಸೀಮೆಎಣ್ಣೆ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದೆ. ಇಲಿ ಪಾಷಾಣ ಎಸೆದೆ. ಬಾಗಿಲಿಗೆ ಎತ್ತರದಲ್ಲಿ ಇನ್ನೊಂದು ಚಿಲಕ ಹಾಕಿದೆ. ಮಗುವಿಲ್ಲದ ಕೋಣೆಯಲ್ಲಿ ಇದೆಲ್ಲ ಯಾರಿಗಾಗಿ ಎಂದು ಒಮ್ಮೊಮ್ಮೆ ಕೈ ನಿಂತುಬಿಡುತ್ತಿತ್ತು.

ಹೋದ ಭಾನುವಾರ ಬಟ್ಟೆ ಒಗೆಯುತ್ತಿದ್ದೆ. ಫಹ್ಮಿದಾ ಕಿರುಚಿದಳು: "ಭಾಯ್, ಜಲ್ದಿ ಬನ್ನಿ! ಕರಿಯ ಒಳಗೆ ಬಿದ್ದಿದಾನೆ!" ಟ್ಯಾಂಕರ್ ಹೋಗಿತ್ತು, ಚಪ್ಪಡಿ ತೆರೆದೇ ಇತ್ತು. ಕತ್ತಲಲ್ಲಿ ಗೋಡೆ ಕೆರೆಯುವ ಸದ್ದು ಕೇಳಿತು, ಆಮೇಲೆ ಅದೂ ನಿಂತಿತು. ನಾನು ಹಾಗೇ ಇಳಿದೆ. ನೀರು ಕುತ್ತಿಗೆಗೆ ಬಂತು. ಕೈಗೆ ಒದ್ದೆ ರೋಮ ಸಿಕ್ಕಿದಾಗ, ಶಾಂಭವಿ, ನನ್ನ ಬಾಯಿಂದ ಬಂದದ್ದು ಜಯಿಯ ಹೆಸರು.

ಮೇಲೆ ತಂದು ಹೊಟ್ಟೆ ಒತ್ತಿದೆ. ನೀರು ಕಕ್ಕಿ ಉಸಿರಾಡಿದ. ಗಂಗಲಕ್ಷ್ಮಮ್ಮ ಓಡಿ ಬಂದು, "ಅಯ್ಯೋ, ಈಗ ತಾನೆ ತುಂಬಿಸಿದ ನೀರೆಲ್ಲ ಹಾಳಾಯ್ತಲ್ಲಪ್ಪಾ" ಎಂದರು. "ನಾಯಿ ಆಗಿದ್ದಕ್ಕೆ ನೀರಿನ ಮಾತಾಡ್ತಿದೀರಾ ಅಮ್ಮಾ" ಎಂದೆ, ಅಷ್ಟೆ. ಅವರು ಕರಿಯನ ಮೈ ಒರೆಸಲು ಒಂದು ಹಳೆ ಸೀರೆ ತಂದು ಕೊಟ್ಟರು. ಸಂಜೆ ತಾವೇ ಬಾಗಿಲು ತಟ್ಟಿ, "ಆ ಮುಚ್ಚಳ ಹಾಕ್ಬಿಡು. ಬೀಗದ ಕೈ ನನ್ ಸೊಂಟದಲ್ಲೇ ಇರುತ್ತೆ" ಎಂದರು. ಈಗ ಅದರ ಮೇಲೆ ನಾಲ್ಕು ಜನ ಕುಣಿದರೂ ಅಲುಗುವುದಿಲ್ಲ.

ಅತ್ತೆ ಮಾವನಿಗೆ ನನ್ನ ನಮಸ್ಕಾರ. ಜಯಿಯ ಎರಡೂ ಕೆನ್ನೆಗೆ ಮುತ್ತು.

ನಿನ್ನ
ಭೀಮಾಶಂಕರ

ಮರೆತೆ: ಊರಿಂದ ಬಂದ ಅಂಬಣ್ಣ ಹೇಳಿದ, ಜಯಿಯನ್ನು ಅಲ್ಲಿಯ ಅಂಗನವಾಡಿಗೇ ಸೇರಿಸಿದ್ದೀಯಂತೆ. ನಿಜವಾದರೆ ಸುತ್ತಿ ಬಳಸದೆ ಬರೆ, ಸಿಟ್ಟಾಗುವುದಿಲ್ಲ. ನಾನೇ ಬಂದುಬಿಡುತ್ತೇನೆ, ಅಲ್ಲೂ ಬೆಸುಗೆ ಕೆಲಸ ಇದ್ದೇ ಇರುತ್ತದೆ. ನಾಯಿಯನ್ನು ಬಸ್ಸಿಗೆ ಹತ್ತಿಸಿಕೊಳ್ಳುತ್ತಾರೋ ಇಲ್ಲವೋ, ನಾಳೆ ಹೋಗಿ ಕೇಳುತ್ತೇನೆ.