ಹತ್ತನೇ ಹಾಡಿನ ಟೇಪು

ಮಾರ್ಚ್ ೧೪, ಮಧ್ಯಾಹ್ನ

ದವಡೆಗೆ ತಂತಿ ಬಿಗಿಸಿಕೊಂಡು ಮಲಗಿರುವ ನನ್ನ ಬಾಯಿಬಡುಕ ಅಣ್ಣನಿಗೆ,

ಮೂರು ಸಲ ಆಸ್ಪತ್ರೆ ಬಾಗಿಲ ತನಕ ಬಂದು ವಾಪಸ್ ಹೋದೆ. ಎದುರು ನಿಂತರೆ ಅತ್ತುಬಿಡುತ್ತೇನೆ, ಇಲ್ಲವೇ ಮತ್ತೆ ಜಗಳಕ್ಕೆ ನಿಲ್ಲುತ್ತೇನೆ. ನೀನೋ ತಿರುಗಿ ಬೈಯುವ ಸ್ಥಿತಿಯಲ್ಲೂ ಇಲ್ಲ. ಅದಕ್ಕೇ ಈ ಕಾಗದ.

ನಮ್ಮ ಬ್ಯಾಂಡಿನ ಮೊದಲ ಆಲ್ಬಂ ಹೆಚ್ಚುಕಮ್ಮಿ ಮುಗಿದಿದೆ. ರೆಕಾರ್ಡಿಂಗ್ ಮಾಡುವ ಅಕ್ಕ ನಿನ್ನೆ ಒಂಬತ್ತು ಹಾಡನ್ನೂ ಒಟ್ಟಿಗೆ ಕೇಳಿಸಿದಳು. ನನ್ನ ಡ್ರಮ್ಸ್‌ನಲ್ಲಿ ಎಂಥ ಕಿಚ್ಚು ಅಂತ ಬೇಸ್ ನುಡಿಸುವ ಡುಮ್ಮ ತಲೆದೂಗಿದ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಕಿಚ್ಚು ಎಲ್ಲಿಂದ ಬಂತು ಅಂತ ಅವನಿಗೆ ಗೊತ್ತಿಲ್ಲವೇ? ಪ್ರತಿ ಸಲವೂ ಅಲ್ಲೇ ಗೋಡೆ ಕಡೆ ತಿರುಗಿಕೊಂಡು ನಿಂತಿರುತ್ತಿದ್ದ.

ಮೊದಲ ಹಾಡಿಗೆ ಒಪ್ಪಿದವಳು ನಾನೇ, ಸುಳ್ಳು ಹೇಳುವುದಿಲ್ಲ. ನನ್ನ ಪೆಟ್ಟು ಸಪ್ಪೆ, ಸಿಟ್ಟು ಬಂದರೆ ಮಾತ್ರ ನನಗೆ ಕೈ ಓಡುತ್ತದೆ ಅಂತ ನೀನು ಹೇಳಿದೆ. ಹಾಗಾದರೆ ಸಿಟ್ಟು ಬರಿಸು ನೋಡೋಣ ಅಂದೆ ನಾನು. ಕೆನ್ನೆಗೆ ರಪ್ಪಂತ ಒಂದು ಕೊಟ್ಟೆ ನೀನು. ಹಾಡು ಒಂದೇ ಸಲಕ್ಕೆ ಕೂತಿತು, ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಅದೇ ರೂಢಿಯಾಯಿತು. ನಾಲ್ಕನೇ ಹಾಡಿಗೆ ನನ್ನ ತುಟಿ ಒಡೆಯಿತು. ಆರನೆಯದಕ್ಕೆ ನೀನು ಕೇಬಲ್ ಹಿಡಿದೆ. ಎಂಟಕ್ಕೆ ಕಿವಿಯಲ್ಲಿ ಶುರುವಾದ ಗುಂಯ್ ಸದ್ದು ಇನ್ನೂ ನಿಂತಿಲ್ಲ. ಹಾಡಿನ ಮುಂಚಿನ ಆ ಏಟುಗಳನ್ನೆಲ್ಲ ಅಕ್ಕ ಕತ್ತರಿಸಿ ಬಿಸಾಕಿದಳು. ನಾನೂ ಬೇಡ ಅನ್ನಲಿಲ್ಲ. ಹಾಡು ಚೆನ್ನಾಗಿ ಬರುತ್ತಿತ್ತಲ್ಲ, ಆ ಆಸೆ.

ಆದರೆ ಹತ್ತನೆಯದು ಅಮ್ಮನ ಹಾಡು. ಮಗುವಿನ ಬೆನ್ನು ಸವರಿದ ಹಾಗೆ ನುಡಿಸಬೇಕಾದದ್ದು. ಅದರಲ್ಲಿ ಡುಮ್ಮನಿಗೆ ಕೆಲಸವೇ ಇಲ್ಲದ್ದರಿಂದ ಹೊರಗೆ ಹೋಗಿದ್ದ, ಕೋಣೆಯಲ್ಲಿ ನಾವಿಬ್ಬರೇ. ಅದಕ್ಕೂ ಹೊಡೆದೆಯಲ್ಲ ಅಣ್ಣ, ಅಭ್ಯಾಸಕ್ಕೆ ಬಿದ್ದು, ನನ್ನ ಮುಖ ಸಹ ನೋಡದೆ. ಬಾಯಲ್ಲಿ ರಕ್ತ ಇಟ್ಟುಕೊಂಡೇ ಕೊನೆ ತನಕ ನುಡಿಸಿದೆ. ಜನ್ಮದಲ್ಲಿ ನೀನು ಅಷ್ಟು ಚೆನ್ನಾಗಿ ಹಾಡಿರಲಿಲ್ಲ. ಮುಗಿದ ಮೇಲೆ ನಾನು ಸಿಂಬಲ್‌ನ ಕಬ್ಬಿಣದ ಸ್ಟ್ಯಾಂಡ್ ಎತ್ತಿ ಬೀಸಿದೆ. ನಿನ್ನ ಹಲ್ಲುಗಳು ಡ್ರಮ್ಮಿನ ಮೇಲೆ ಬಿದ್ದವು. ಅವನ್ನು ಆರಿಸಿಟ್ಟಿದ್ದೇನೆ.

ಸಿಟ್ಟಿನ ಭರದಲ್ಲಿ ಒಂದೇಟು ಬಿತ್ತು ಅಂತ ಪೊಲೀಸರಿಗೆ ಬರೆಸಿದ್ದೇನೆ. ಸಿಟ್ಟಲ್ಲಿ ಕೈ ಜಾರಿದೆ, ನನ್ನ ತಂಗಿಯ ಮೇಲೆ ದೂರಿಲ್ಲ ಅಂತ ನೀನೂ ಚೀಟಿಯಲ್ಲಿ ಬರೆದುಕೊಟ್ಟೆಯಂತೆ. ಅದನ್ನು ಕೇಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ದವಡೆ ಕೂಡಿದರೂ ನೀನು ಮೊದಲಿನ ಹಾಗೆ ಹಾಡಲಾರೆ ಅಂದಿದ್ದಾರೆ ಡಾಕ್ಟರು.

ಹತ್ತನೇ ಹಾಡಿನ ಟೇಪು ಜೊತೆಗಿದೆ. ಇದಕ್ಕೆ ನಕಲಿಲ್ಲ. ಹಾಡು ಮುಗಿದ ಮೇಲಿನದನ್ನೂ ಕತ್ತರಿಸಿಬಿಡೋಣ ಅಂದಳು ಅಕ್ಕ. ಅಣ್ಣನದು ಕತ್ತರಿಸಿದ್ದು ಸಾಕು, ನನ್ನದು ಇರಲಿ ಅಂದೆ. ಆಲ್ಬಂಗೆ ಹಾಕುತ್ತೀಯೋ, ಸುಡುತ್ತೀಯೋ, ಪೊಲೀಸರಿಗೇ ಕೊಡುತ್ತೀಯೋ, ನಿನಗೆ ಬಿಟ್ಟದ್ದು.

ಇಂತಿ,
ನಿನ್ನ ಬೆನ್ನಿಗೆ ಬಿದ್ದವಳು

ತಾ.ಕ.: ಟೇಪನ್ನು ಪೂರ್ತಿ ಕೇಳು. ನನ್ನ ಏಟು ಎರಡಿವೆ. ಎರಡನೆಯದು ಬಿದ್ದಾಗ ನಿನಗೆ ಪ್ರಜ್ಞೆ ಇರಲಿಲ್ಲ. ನಡುವೆ ಹನ್ನೊಂದು ಸೆಕೆಂಡು ಇದೆ. ಅಷ್ಟರಲ್ಲಿ ನನ್ನ ಸಿಟ್ಟು ಇಳಿದಿತ್ತು, ಅಣ್ಣ.